ವಾಟ್ಸಾಪ್‌ ಗ್ರೂಪ್‌ನಲ್ಲಿ ವಾದ ಮಾಡ್ತೀರಾ? ಲೈಕ್‌, ಫಾರ್ವರ್ಡ್‌, ಅಡ್ಮಿನ್‌ ಹೊಣೆ ಬಗ್ಗೆ ಕಾನೂನು ಹೇಳುವುದಿಷ್ಟು

ರಾತ್ರಿ ಹನ್ನೊಂದು ಗಂಟೆ. ಕುಟುಂಬದ ವಾಟ್ಸಾಪ್‌ ಗ್ರೂಪ್‌ಗೆ ಹುಬ್ಬಳ್ಳಿಯ ಕಾಕಾ ಒಂದು ರಾಜಕೀಯ ವಿಡಿಯೊ ಹಾಕುತ್ತಾರೆ. 'ಇದು ಫೇಕ್‌ ಕಾಕಾ' ಎಂದು ಪುಣೆಯಲ್ಲಿರುವ ಅಣ್ಣನ ಮಗ ಬರೆಯುತ್ತಾನೆ. ಚೆನ್ನೈನ ಅತ್ತೆ ನಗುವ ಇಮೋಜಿ ಒತ್ತುತ್ತಾರೆ. ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜ್‌ ಬಂದು ಬೀಳುತ್ತವೆ, ಇಬ್ಬರು ಗ್ರೂಪ್‌ ಬಿಡುತ್ತಾರೆ. 'ಅಡ್ಮಿನ್‌ ಏನ್‌ ಮಾಡ್ತಿದ್ದಾರೆ?' ಎಂಬ ಪ್ರಶ್ನೆ ಬರುವ ಹೊತ್ತಿಗೆ ಯಾರೋ 'ಇದೆಲ್ಲಾ ಸ್ಕ್ರೀನ್‌ಶಾಟ್‌ ತೆಗೆದಿಟ್ಟಿದ್ದೇನೆ, ಸೈಬರ್‌ ಪೊಲೀಸರಿಗೆ ಕೊಡುತ್ತೇನೆ' ಎಂದು ಬೆದರಿಸಿರುತ್ತಾರೆ.

ಇಂಥ ಬೆದರಿಕೆ ಬಹುತೇಕ ಅಲ್ಲಿಗೇ ತಣ್ಣಗಾಗುತ್ತದೆ. ಆದರೆ ಎಲ್ಲ ಸಲವೂ ಅಲ್ಲ. ಯಾವ ಮಾತಿಗೆ ಕೇಸ್‌ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ, ಲೈಕ್‌ ಒತ್ತಿದವರ ಕಥೆ ಏನು, ಅಡ್ಮಿನ್‌ ಜೈಲಿಗೆ ಹೋಗುತ್ತಾರಾ ಎಂಬ ಪ್ರಶ್ನೆಗಳಿಗೆ ಕಳೆದ ಹತ್ತು ವರ್ಷಗಳಲ್ಲಿ ನ್ಯಾಯಾಲಯಗಳು ಸಾಕಷ್ಟು ಸ್ಪಷ್ಟ ಉತ್ತರ ಕೊಟ್ಟಿವೆ. ಆ ಉತ್ತರಗಳು ಗ್ರೂಪ್‌ಗಳಲ್ಲಿ ಓಡಾಡುವ 'ಇಂದಿನಿಂದ ಹೊಸ ನಿಯಮ, ಎರಡು ಟಿಕ್‌ ಕೆಂಪಾದರೆ ಪೊಲೀಸ್‌' ಎಂಬ ಬಗೆಯ ಮೆಸೇಜ್‌ಗಳಿಗಿಂತ ಬೇರೆಯೇ ಇವೆ.

ಪಾಲ್ಘರ್‌ನಿಂದ ಶುರುವಾದ ಕಥೆ

2012ರ ನವೆಂಬರ್‌ 17ರಂದು ಶಿವಸೇನೆ ಸ್ಥಾಪಕ ಬಾಳಾ ಠಾಕ್ರೆ ನಿಧನರಾದರು. ಮುಂಬೈ ಸ್ತಬ್ಧವಾಯಿತು. ಆಗ ಠಾಣೆ ಜಿಲ್ಲೆಯಲ್ಲಿದ್ದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಈ ಬಂದ್‌ ಅನ್ನು ಪ್ರಶ್ನಿಸಿದಳು. ನಗರ ಮುಚ್ಚಿದ್ದು ಗೌರವದಿಂದಲ್ಲ, ಭಯದಿಂದ ಎಂಬುದು ಅವಳ ಮಾತಿನ ತಾತ್ಪರ್ಯ. ಗೆಳತಿಯೊಬ್ಬಳು ಅದಕ್ಕೆ ಲೈಕ್‌ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಪೋಸ್ಟ್‌ ಹಾಕಿದವಳ ಸಂಬಂಧಿಕರ ಕ್ಲಿನಿಕ್‌ ಮೇಲೆ ಗುಂಪೊಂದು ದಾಳಿ ನಡೆಸಿತು. ಬರೆದವಳ ಬಂಧನಕ್ಕಿಂತ ಬರೀ ಲೈಕ್‌ ಒತ್ತಿದವಳ ಬಂಧನವೇ ದೇಶವನ್ನು ಹೆಚ್ಚು ಬೆಚ್ಚಿಬೀಳಿಸಿತು.

ಬಂಧನಕ್ಕೆ ಬಳಕೆಯಾದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್‌. 'ಕಿರಿಕಿರಿ', 'ಅನನುಕೂಲ' ಉಂಟುಮಾಡುವ ಮೆಸೇಜ್‌ಗೂ ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಕಾನೂನು ಅದು. ಯಾವುದು ಕಿರಿಕಿರಿ ಎಂದು ಯಾರು ನಿರ್ಧರಿಸುತ್ತಾರೆ? ಠಾಣೆಯಲ್ಲಿ ಕುಳಿತ ಅಧಿಕಾರಿ. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಲ್‌ ಇದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದರು. 2015ರ ಮಾರ್ಚ್‌ 24ರಂದು ನ್ಯಾಯಮೂರ್ತಿಗಳಾದ ಜೆ. ಚೆಲಮೇಶ್ವರ್‌ ಮತ್ತು ಆರ್‌.ಎಫ್‌. ನರಿಮನ್‌ ಅವರ ಪೀಠ 66ಎ ಅನ್ನು ಸಂಪೂರ್ಣವಾಗಿ ರದ್ದುಮಾಡಿತು.

ಆ ತೀರ್ಪಿನ ತಿರುಳು ಇಂದಿಗೂ ಆನ್‌ಲೈನ್‌ ವಾದಗಳ ಅಳತೆಗೋಲು. ಚರ್ಚೆ, ಪ್ರತಿಪಾದನೆ ಮತ್ತು ಪ್ರಚೋದನೆ ಎಂದು ಕೋರ್ಟ್‌ ಮಾತನ್ನು ಮೂರು ಬಗೆಯಾಗಿ ನೋಡಿತು. ಒಂದು ವಿಷಯವನ್ನು ಚರ್ಚಿಸುವುದು, ಒಂದು ನಿಲುವಿನ ಪರ ವಾದಿಸುವುದು ಎಷ್ಟೇ ಜನರಿಗೆ ಹಿಡಿಸದಿದ್ದರೂ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಯಲ್ಲಿದೆ. ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬಹುದು.

ವಿಚಿತ್ರ ಎಂದರೆ ಸತ್ತ ಸೆಕ್ಷನ್‌ ಅಡಿ ಕೇಸ್‌ ಹಾಕುವುದು ಅಲ್ಲಿಗೆ ನಿಲ್ಲಲಿಲ್ಲ. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ ಮತ್ತೆ ಆದೇಶ ಹೊರಡಿಸಿ, ಯಾರ ವಿರುದ್ಧವೂ 66ಎ ಅಡಿ ವಿಚಾರಣೆ ನಡೆಯಕೂಡದು, ಈ ಬಗ್ಗೆ ಪೊಲೀಸ್‌ ಪಡೆಗಳಿಗೆ ಸೂಚನೆ ಕೊಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ನಿಮ್ಮ ಗ್ರೂಪ್‌ನಲ್ಲಿ ಯಾರಾದರೂ '66ಎ ಹಾಕಿಸುತ್ತೇನೆ' ಎಂದರೆ ಅವರು ಹತ್ತು ವರ್ಷ ಹಿಂದಿದ್ದಾರೆ ಎಂದರ್ಥ.

ಹಾಗಾದರೆ ಈಗ ಯಾವ ಸೆಕ್ಷನ್‌?

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್‌) ಬಂದಿದೆ. ಆನ್‌ಲೈನ್‌ ಮಾತಿಗೆ ಹೆಚ್ಚಾಗಿ ಅನ್ವಯವಾಗುವುದು ಹಳೆಯ 153ಎ ಬದಲಿಗೆ ಬಂದ ಸೆಕ್ಷನ್‌ 196 (ಧರ್ಮ, ಭಾಷೆ, ಜಾತಿ, ಜನ್ಮಸ್ಥಳದ ಹೆಸರಲ್ಲಿ ದ್ವೇಷ ಹುಟ್ಟಿಸುವುದು), ಸೆಕ್ಷನ್‌ 299 (ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಅವಮಾನ), ಸೆಕ್ಷನ್‌ 353 (ಭಯ, ದ್ವೇಷ ಹಬ್ಬಿಸುವ ಸುಳ್ಳು ಸುದ್ದಿ, ವದಂತಿ). ಮೂರಕ್ಕೂ ಸಾಮಾನ್ಯವಾಗಿ ಗರಿಷ್ಠ ಶಿಕ್ಷೆ ಮೂರು ವರ್ಷ. ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತಿಗೆ ಸೆಕ್ಷನ್‌ 79, ಬೆದರಿಕೆಗೆ 351, ಮಾನಹಾನಿಗೆ 356 ಇವೆ. ಅಶ್ಲೀಲ ಚಿತ್ರ ಅಥವಾ ಬರಹ ಕಳಿಸಿದರೆ ಐಟಿ ಕಾಯ್ದೆಯ 67ನೇ ಸೆಕ್ಷನ್‌ ಇದ್ದೇ ಇದೆ.

'ಭಾಷೆ' ಮತ್ತು 'ಜನ್ಮಸ್ಥಳ' ಎಂಬ ಎರಡು ಪದಗಳನ್ನು ಹೊರನಾಡ ಕನ್ನಡಿಗರು ಗಮನಿಸಬೇಕು. ಬೆಳಗಾವಿ ಗಡಿ, ಕಾವೇರಿ ನೀರು, ಅಪಾರ್ಟ್‌ಮೆಂಟ್‌ನಲ್ಲಿ ಯಾವ ಭಾಷೆ ಎಂಬ ಚರ್ಚೆಗಳೆಲ್ಲ ಈ ಪದಗಳ ಆಸುಪಾಸಿನಲ್ಲೇ ನಡೆಯುತ್ತವೆ. ಸರ್ಕಾರದ ನಿಲುವನ್ನು ಟೀಕಿಸುವುದು ಬೇರೆ. ಒಂದು ಭಾಷೆ ಆಡುವ ಜನರೆಲ್ಲರನ್ನೂ ಹೊಡೆದೋಡಿಸಿ ಎನ್ನುವುದು ಬೇರೆ. ಎರಡನೆಯದು 196ರ ವ್ಯಾಪ್ತಿಗೆ ಬರುತ್ತದೆ.

ಕೊಲ್ಹಾಪುರದ ಸ್ಟೇಟಸ್‌ ಪ್ರಕರಣ

ಈ ಗೆರೆ ಎಲ್ಲಿದೆ ಎಂಬುದಕ್ಕೆ ನಮ್ಮ ಗಡಿಯಾಚೆಯೇ ಒಂದು ಉದಾಹರಣೆ ಇದೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಕಾಶ್ಮೀರ ಮೂಲದ ಪ್ರಾಧ್ಯಾಪಕರು ಪೋಷಕರು ಮತ್ತು ಶಿಕ್ಷಕರಿದ್ದ ವಾಟ್ಸಾಪ್‌ ಗ್ರೂಪ್‌ನ ಸದಸ್ಯರಾಗಿದ್ದರು. 370ನೇ ವಿಧಿ ರದ್ದಾದ ಆಗಸ್ಟ್‌ 5 ಅನ್ನು ಕರಾಳ ದಿನ ಎಂದು ಅವರು ಸ್ಟೇಟಸ್‌ ಹಾಕಿದರು. ಪಾಕಿಸ್ತಾನಕ್ಕೆ ಆಗಸ್ಟ್‌ 14ರ ಸ್ವಾತಂತ್ರ್ಯ ದಿನದ ಶುಭಾಶಯವನ್ನೂ ಹಾಕಿದರು. ಕೇಸ್‌ ಬಿತ್ತು. ಅದನ್ನು ರದ್ದುಮಾಡಲು ಬಾಂಬೆ ಹೈಕೋರ್ಟ್‌ ಒಪ್ಪಲಿಲ್ಲ.

2024ರ ಮಾರ್ಚ್‌ 7ರಂದು ನ್ಯಾಯಮೂರ್ತಿಗಳಾದ ಅಭಯ್‌ ಎಸ್‌. ಓಕಾ ಮತ್ತು ಉಜ್ಜಲ್‌ ಭುಯಾನ್‌ ಅವರಿದ್ದ ಸುಪ್ರೀಂ ಕೋರ್ಟ್‌ ಪೀಠ ಪ್ರಕರಣವನ್ನು ರದ್ದುಮಾಡಿತು. ಸರ್ಕಾರದ ತೀರ್ಮಾನವನ್ನು ಟೀಕಿಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ, ಇನ್ನೊಂದು ದೇಶಕ್ಕೆ ಶುಭಾಶಯ ಹೇಳುವುದರಲ್ಲಿ ತಪ್ಪೇನಿಲ್ಲ, ಪೊಲೀಸರಿಗೆ ವಾಕ್‌ ಸ್ವಾತಂತ್ರ್ಯ ಎಂದರೇನು ಎಂದು ತಿಳಿಸಿಕೊಡುವ ಕಾಲ ಬಂದಿದೆ ಎಂಬುದು ಪೀಠದ ಅಭಿಪ್ರಾಯ.

ಒಂದು ವರ್ಷದ ನಂತರ, 2025ರ ಮಾರ್ಚ್‌ 28ರಂದು ಇದೇ ಇಬ್ಬರು ನ್ಯಾಯಮೂರ್ತಿಗಳು ಕಾಂಗ್ರೆಸ್‌ನ ರಾಜ್ಯಸಭಾ ಸದಸ್ಯ ಇಮ್ರಾನ್‌ ಪ್ರತಾಪ್‌ಗಢಿ ಅವರ ಮೇಲೆ ಗುಜರಾತ್‌ನ ಜಾಮ್‌ನಗರದಲ್ಲಿ ದಾಖಲಾಗಿದ್ದ ಎಫ್‌ಐಆರ್‌ ಅನ್ನೂ ರದ್ದುಮಾಡಿದರು. ಅವರ ವಿಡಿಯೊ ಒಂದರ ಹಿನ್ನೆಲೆಯಲ್ಲಿ ಕವಿತೆಯೊಂದು ಕೇಳಿಬಂದದ್ದು ಅಪರಾಧವಾಗಿತ್ತು. ಮಾತಿನ ಪರಿಣಾಮವನ್ನು ಅಳೆಯಬೇಕಾದ್ದು ಗಟ್ಟಿ ಮನಸ್ಸಿನ, ವಿವೇಕವುಳ್ಳ ವ್ಯಕ್ತಿಯ ಮಾನದಂಡದಿಂದ, ಪ್ರತಿ ಟೀಕೆಯಲ್ಲೂ ಅಪಾಯ ಕಾಣುವವರ ದೃಷ್ಟಿಯಿಂದಲ್ಲ ಎಂದು ತೀರ್ಪು ಹೇಳುತ್ತದೆ.

ಆ ತೀರ್ಪಿನ ಇನ್ನೊಂದು ಅಂಶ ಸಾಮಾನ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್‌) 173(3) ಪ್ರಕಾರ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುನ್ನ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು, ಬರಹಕ್ಕೆ ಸಂಬಂಧಿಸಿದ ದೂರುಗಳಲ್ಲಿ ಈ ದಾರಿ ಹಿಡಿಯುವುದೇ ಸೂಕ್ತ ಎಂದು ಕೋರ್ಟ್‌ ಹೇಳಿದೆ. ಅಂದರೆ ದೂರು ಬಂದ ರಾತ್ರಿಯೇ ಮನೆ ಬಾಗಿಲಿಗೆ ಜೀಪ್‌ ಬರಬೇಕಿಲ್ಲ.

ಅಡ್ಮಿನ್‌ ಜೈಲಿಗೆ ಹೋಗುತ್ತಾರಾ?

ಮಹಾರಾಷ್ಟ್ರದ ಗೋಂದಿಯಾದಲ್ಲಿ 2016ರಲ್ಲಿ ದಾಖಲಾದ ಪ್ರಕರಣ ಇದಕ್ಕೆ ಉತ್ತರ. ಗ್ರೂಪ್‌ನ ಸದಸ್ಯನೊಬ್ಬ ಮಹಿಳಾ ಸದಸ್ಯೆಯನ್ನು ಕೆಟ್ಟ ಭಾಷೆಯಲ್ಲಿ ನಿಂದಿಸಿದ. ಅಡ್ಮಿನ್‌ ಅವನನ್ನು ಹೊರಹಾಕಲಿಲ್ಲ, ಕ್ಷಮೆ ಕೇಳಿಸಲೂ ಇಲ್ಲ ಎಂದು ಅಡ್ಮಿನ್‌ ಮೇಲೂ ಕೇಸ್‌ ಆಯಿತು. 2021ರ ಮಾರ್ಚ್‌ 1ರಂದು ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ ಅದನ್ನು ರದ್ದುಮಾಡಿತು. ಅಡ್ಮಿನ್‌ಗೆ ಇರುವುದು ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರ ಮಾತ್ರ; ಮೆಸೇಜ್‌ ಹಾಕುವ ಮೊದಲೇ ಅದನ್ನು ತಡೆಯುವ ಶಕ್ತಿ ಇಲ್ಲ. ಇಬ್ಬರೂ ಸೇರಿ ಸಂಚು ಮಾಡಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಇನ್ನೊಬ್ಬರ ಮೆಸೇಜ್‌ಗೆ ಅಡ್ಮಿನ್‌ ಕ್ರಿಮಿನಲ್‌ ಹೊಣೆಗಾರನಲ್ಲ ಎಂದಿತು. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್‌ ಕೂಡ ಇದೇ ನಿಲುವು ತಳೆಯಿತು. ಅದಕ್ಕೂ ಮೊದಲು, 2016ರಲ್ಲೇ, ದೆಹಲಿ ಹೈಕೋರ್ಟ್‌ ಮಾನಹಾನಿ ದಾವೆಯೊಂದರಲ್ಲಿ ಅಡ್ಮಿನ್‌ನನ್ನು ಹೊಣೆ ಮಾಡುವುದು ಪತ್ರಿಕೆಯ ಕಾಗದ ತಯಾರಿಸಿದವನನ್ನು ಹೊಣೆ ಮಾಡಿದಂತೆ ಎಂದು ಹೇಳಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ನಾಗಪುರ ಪೀಠದ ತೀರ್ಪು ಬಂದಾಗ ಇನ್ನೊಬ್ಬರ ಮೆಸೇಜ್‌ ಅಳಿಸುವ ಅವಕಾಶ ವಾಟ್ಸಾಪ್‌ ಅಡ್ಮಿನ್‌ಗೆ ಇರಲಿಲ್ಲ. 2022ರಿಂದ ಇದೆ. ಪೋಸ್ಟ್‌ ಆಗುವ ಮುನ್ನ ತಡೆಯಲು ಈಗಲೂ ಆಗುವುದಿಲ್ಲ, ಹಾಗಾಗಿ ತೀರ್ಪಿನ ಮೂಲ ತರ್ಕ ನಿಲ್ಲುತ್ತದೆ. ಆದರೆ ಸದಸ್ಯರೊಬ್ಬರು ದೂರಿದ ಮೇಲೂ ಅಶ್ಲೀಲ ವಿಡಿಯೊ ದಿನಗಟ್ಟಲೆ ಹಾಗೇ ಉಳಿದರೆ 'ನನ್ನ ಕೈಯಲ್ಲಿ ಏನೂ ಇರಲಿಲ್ಲ' ಎಂಬ ವಾದ ಮೊದಲಿನಷ್ಟು ಗಟ್ಟಿಯಲ್ಲ. ಕನ್ನಡ ಸಂಘ, ಹೌಸಿಂಗ್‌ ಸೊಸೈಟಿ ಗ್ರೂಪ್‌ಗಳ ಅಡ್ಮಿನ್‌ಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಲೈಕ್‌ ಬೇರೆ, ಫಾರ್ವರ್ಡ್‌ ಬೇರೆ

'ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ.' ಅತಿ ಹೆಚ್ಚು ಕೇಳಿಬರುವ, ಕೋರ್ಟ್‌ನಲ್ಲಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಸಮಜಾಯಿಷಿ ಇದು.

ತಮಿಳುನಾಡಿನ ನಟ, ಮಾಜಿ ಶಾಸಕ ಎಸ್‌.ವಿ. ಶೇಖರ್‌ 2018ರ ಏಪ್ರಿಲ್‌ನಲ್ಲಿ ಪತ್ರಕರ್ತೆಯರನ್ನು ಅವಹೇಳನ ಮಾಡುವ ಬೇರೊಬ್ಬರ ಬರಹವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಟೀಕೆ ಬಂದ ಮೇಲೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಮದ್ರಾಸ್‌ ಹೈಕೋರ್ಟ್‌ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಮೆಸೇಜ್‌ ಫಾರ್ವರ್ಡ್‌ ಮಾಡುವುದೆಂದರೆ ಅದನ್ನು ಒಪ್ಪಿ ಅನುಮೋದಿಸಿದಂತೆ ಎಂದಿತು. 2023ರಲ್ಲಿ ಪ್ರಕರಣ ರದ್ದತಿ ಕೋರಿದಾಗ ಅದೇ ಹೈಕೋರ್ಟ್‌ ಬಿಟ್ಟ ಬಾಣದ ಹೋಲಿಕೆ ಕೊಟ್ಟಿತು. ಬಾಣ ಮಾಡಿದ ಗಾಯಕ್ಕೆ ಬಿಟ್ಟವನೇ ಹೊಣೆ. ಸುಪ್ರೀಂ ಕೋರ್ಟ್‌ನಲ್ಲಿ ಅವರ ವಕೀಲರು ಆ ದಿನ ಕಣ್ಣಿಗೆ ಔಷಧ ಹಾಕಿದ್ದರಿಂದ ಬರಹ ಓದಲಾಗಲಿಲ್ಲ ಎಂದರು. ನ್ಯಾಯಮೂರ್ತಿಗಳು ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಚೆನ್ನೈನ ವಿಶೇಷ ನ್ಯಾಯಾಲಯ ಒಂದು ತಿಂಗಳ ಜೈಲು ಶಿಕ್ಷೆ ವಿಧಿಸಿತು, ಮುಂದಿನ ವರ್ಷ ಹೈಕೋರ್ಟ್‌ ಅದನ್ನು ಎತ್ತಿಹಿಡಿಯಿತು. ಓದದೆ ಹಂಚಿದ ಒಂದು ಪೋಸ್ಟ್‌ಗೆ ಆರು ವರ್ಷಕ್ಕೂ ಮೀರಿದ ಕೋರ್ಟ್‌ ಅಲೆದಾಟ.

ಲೈಕ್‌ ವಿಚಾರ ಹಾಗಲ್ಲ. 2025ರ ಏಪ್ರಿಲ್‌ನಲ್ಲಿ ಅಲಹಾಬಾದ್‌ ಹೈಕೋರ್ಟ್‌, ಪೋಸ್ಟ್‌ಗೆ ಲೈಕ್‌ ಒತ್ತುವುದು ಅದನ್ನು ಪ್ರಕಟಿಸಿದಂತೆಯೂ ಅಲ್ಲ, ರವಾನಿಸಿದಂತೆಯೂ ಅಲ್ಲ ಎಂದು ಹೇಳಿತು. ಶೇರ್‌ ಅಥವಾ ರೀಟ್ವೀಟ್‌ ಮಾಡಿದರೆ ಅದು ರವಾನೆ. ಪಾಲ್ಘರ್‌ನ ಆ ಗೆಳತಿಗೆ ಇದು ಹನ್ನೆರಡು ವರ್ಷಕ್ಕೂ ಹೆಚ್ಚು ತಡವಾಗಿ ಬಂದ ಉತ್ತರ.

ಸಿನಿಮಾ ಬೈದರೆ ಮಾನಹಾನಿಯೇ?

ಇಲ್ಲ, ಎಚ್ಚರದಿಂದ ಬೈದರೆ. ಮಾನಹಾನಿ ಕಾನೂನಿಗೆ ಹತ್ತು ವಿನಾಯಿತಿಗಳಿವೆ. ಅದರಲ್ಲೊಂದು, ಸಾರ್ವಜನಿಕರ ಮುಂದೆ ತಾನೇ ಇಟ್ಟ ಕೃತಿಯ ಗುಣದೋಷದ ಬಗ್ಗೆ ಸದುದ್ದೇಶದಿಂದ ಹೇಳಿದ ಅಭಿಪ್ರಾಯ. ಪುಸ್ತಕ ಪ್ರಕಟಿಸಿದವರು, ವೇದಿಕೆಯಲ್ಲಿ ನಟಿಸಿದವರು, ಹಾಡಿದವರು ತಮ್ಮ ಕೆಲಸವನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದ್ದಾರೆ ಎಂದು 1860ರ ದಂಡ ಸಂಹಿತೆಯೇ ಉದಾಹರಣೆ ಕೊಟ್ಟು ಹೇಳಿತ್ತು. ಬಿಎನ್‌ಎಸ್‌ ಅದನ್ನು ಹಾಗೇ ಉಳಿಸಿಕೊಂಡಿದೆ. ಪುಸ್ತಕ ಅಸಭ್ಯವಾಗಿದೆ, ಹಾಗಾಗಿ ಬರೆದವನ ಮನಸ್ಸೂ ಅಂಥದ್ದೇ ಇರಬೇಕು ಎಂದರೆ ವಿನಾಯಿತಿ ಸಿಗುತ್ತದೆ. ಅವನು ಲಂಪಟ, ಆದ್ದರಿಂದ ಪುಸ್ತಕ ಹೀಗಿರುವುದು ಆಶ್ಚರ್ಯವಲ್ಲ ಎಂದರೆ ಸಿಗುವುದಿಲ್ಲ. ಮೊದಲನೆಯದು ಕೃತಿಯಿಂದ ಹುಟ್ಟಿದ ಅಭಿಪ್ರಾಯ, ಎರಡನೆಯದು ಕೃತಿಯ ಹೊರಗಿನಿಂದ ತಂದ ಆರೋಪ. ನೂರೈವತ್ತು ವರ್ಷಕ್ಕೂ ಹಳೆಯ ಈ ವ್ಯತ್ಯಾಸ ಇಂದಿನ ಫ್ಯಾನ್‌ ವಾರ್‌ಗಳಿಗೂ ಸರಿಯಾಗಿ ಹೊಂದುತ್ತದೆ.

ಫ್ಯಾನ್‌ ವಾರ್‌ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕರ್ನಾಟಕ ನೋಡಿದೆ. 2025ರ ಜುಲೈನಲ್ಲಿ ರೇಣುಕಸ್ವಾಮಿ ಕೊಲೆ ಪ್ರಕರಣದ ಸುಪ್ರೀಂ ಕೋರ್ಟ್‌ ವಿಚಾರಣೆ ಬಗ್ಗೆ ಪೋಸ್ಟ್‌ ಹಾಕಿದ ನಟಿ, ಮಾಜಿ ಸಂಸದೆ ರಮ್ಯಾ ಅವರಿಗೆ ಅಶ್ಲೀಲ ಮತ್ತು ಬೆದರಿಕೆಯ ಮೆಸೇಜ್‌ಗಳು ಬಂದವು. ಅವರು 43 ಖಾತೆಗಳ ವಿವರದೊಂದಿಗೆ ಬೆಂಗಳೂರು ಪೊಲೀಸ್‌ ಕಮಿಷನರ್‌ಗೆ ದೂರು ಕೊಟ್ಟರು. ಸಿಸಿಬಿ ಪೊಲೀಸರು ಹಲವರನ್ನು ಬಂಧಿಸಿದರು. ಅವರ ಅಭಿಪ್ರಾಯ ತಪ್ಪು ಎಂದು ವಾದಿಸಿದ್ದಕ್ಕೆ ಅಲ್ಲ ಈ ಬಂಧನ. ಅತ್ಯಾಚಾರ, ಕೊಲೆಯ ಮಾತು ಬರೆದದ್ದಕ್ಕೆ.

ಅದೇ ವರ್ಷ ಮೇನಲ್ಲಿ ಚೆನ್ನೈನಲ್ಲಿ ನಡೆದ 'ಥಗ್‌ ಲೈಫ್‌' ಸಿನಿಮಾದ ಕಾರ್ಯಕ್ರಮದಲ್ಲಿ ಕಮಲ್‌ ಹಾಸನ್‌ ಕನ್ನಡ ತಮಿಳಿನಿಂದ ಹುಟ್ಟಿತು ಎಂಬರ್ಥದ ಮಾತಾಡಿದ್ದು ನೆನಪಿರಬಹುದು. ಚೆನ್ನೈ, ಹೊಸೂರು, ಕೊಯಮತ್ತೂರಿನ ಕನ್ನಡಿಗರಿಗೆ ಅದು ಟಿವಿ ಸುದ್ದಿಯಲ್ಲ, ಪಕ್ಕದ ಮನೆಯವರೊಂದಿಗಿನ ಸಂಬಂಧದ ಪ್ರಶ್ನೆ. ಸಿನಿಮಾ ಜೂನ್‌ 5ರಂದು ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಸುಪ್ರೀಂ ಕೋರ್ಟ್‌ ಹೇಳಿದ್ದು ಇಷ್ಟು: ಒಬ್ಬರ ಹೇಳಿಕೆ ಒಪ್ಪಿಗೆಯಾಗದಿದ್ದರೆ ಹೇಳಿಕೆಯಿಂದಲೇ ಉತ್ತರ ಕೊಡಿ, ಚಿತ್ರಮಂದಿರಕ್ಕೆ ಬೆಂಕಿ ಇಡುವ ಬೆದರಿಕೆಯಿಂದಲ್ಲ. ಆ ಹೇಳಿಕೆ ಭಾಷಾಶಾಸ್ತ್ರದ ಪ್ರಕಾರ ತಪ್ಪು ಎಂದು ಗ್ರೂಪ್‌ನಲ್ಲಿ ಎಷ್ಟು ಗಟ್ಟಿಯಾಗಿ ಬೇಕಾದರೂ ವಾದಿಸಬಹುದು. ಎರಡೂ ಭಾಷೆ ಮೂಲ ದ್ರಾವಿಡದಿಂದ ಕವಲೊಡೆದವು ಎಂಬುದೇ ವಿದ್ವಾಂಸರ ನಿಲುವು.

ಮನೆಯೊಳಗಿನ ಗ್ರೂಪ್‌ ಖಾಸಗಿಯೇ?

ಮಾನಹಾನಿಯ ಮಟ್ಟಿಗೆ ಅಲ್ಲ. ಬೈಸಿಕೊಂಡವರನ್ನು ಬಿಟ್ಟು ಮೂರನೆಯ ಒಬ್ಬರು ಓದಿದರೂ ಅದು 'ಪ್ರಕಟಣೆ'. ಬೈಸಿಕೊಂಡವರೊಂದಿಗೇ ನಡೆದ ಇಬ್ಬರ ಚಾಟ್‌ನಲ್ಲಿ ಆಡಿದ ಮಾತು ಮಾನಹಾನಿಯಾಗದು, ಅದನ್ನೇ ಹತ್ತು ಜನರ ಕುಟುಂಬ ಗ್ರೂಪ್‌ನಲ್ಲಿ ಹಾಕಿದರೆ ಆಗಬಹುದು. 'ನಿಜವನ್ನೇ ಹೇಳಿದೆ' ಎಂಬುದೂ ಕ್ರಿಮಿನಲ್‌ ಕೇಸ್‌ನಲ್ಲಿ ಪೂರ್ಣ ರಕ್ಷಣೆಯಲ್ಲ. ಆ ನಿಜ ಹೇಳುವುದರಿಂದ ಸಾರ್ವಜನಿಕ ಹಿತ ಇತ್ತು ಎಂದೂ ತೋರಿಸಬೇಕು. ತಂಗಿಯ ಗಂಡನ ಸಾಲದ ಲೆಕ್ಕವನ್ನು ಗ್ರೂಪ್‌ನಲ್ಲಿ ಬಿಚ್ಚಿಡುವುದರಲ್ಲಿ ಸಾರ್ವಜನಿಕ ಹಿತ ಹುಡುಕುವುದು ಕಷ್ಟ. ಒಂದು ಸಮಾಧಾನ: ಮಾನಹಾನಿಯಲ್ಲಿ ಪೊಲೀಸರು ತಾವಾಗಿ ಬಂಧಿಸುವಂತಿಲ್ಲ, ದೂರುದಾರರು ಮ್ಯಾಜಿಸ್ಟ್ರೇಟ್‌ ಬಳಿ ಹೋಗಬೇಕು. ಗರಿಷ್ಠ ಶಿಕ್ಷೆ ಎರಡು ವರ್ಷ, ಈಗ ಸಮುದಾಯ ಸೇವೆಯ ಆಯ್ಕೆಯೂ ಇದೆ.

ಗಂಡ ಹೆಂಡತಿ ವಿಚಾರದಲ್ಲಿ ಕಳೆದ ವರ್ಷ ದೊಡ್ಡ ಬದಲಾವಣೆ ಆಗಿದೆ. 2025ರ ಜುಲೈ 14ರಂದು ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ಸಂಗಾತಿಗೆ ತಿಳಿಯದಂತೆ ರೆಕಾರ್ಡ್‌ ಮಾಡಿದ ಫೋನ್‌ ಸಂಭಾಷಣೆಯನ್ನು ವಿಚ್ಛೇದನ ಪ್ರಕರಣದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ತೀರ್ಪು ಕೊಟ್ಟಿತು. ಸಂಬಂಧ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತ ತಲುಪಿದೆ ಎಂದರೆ ಅದು ಆಗಲೇ ಮುರಿದಿದೆ ಎಂಬುದು ಪೀಠದ ತರ್ಕ. ಖಾಸಗಿತನದ ಹಕ್ಕಿನ ದೃಷ್ಟಿಯಿಂದ ಈ ತೀರ್ಪಿಗೆ ಟೀಕೆಯೂ ಬಂದಿದೆ.

ಸರ್ಕಾರಿ ನೌಕರರಿಗೆ ಇನ್ನೊಂದು ಪದರ ಇದೆ. ದೆಹಲಿಯಲ್ಲಿ, ರೈಲ್ವೆಯಲ್ಲಿ ಕೆಲಸ ಮಾಡುವವರಿಗೆ ತಮ್ಮ ತಮ್ಮ ನಡತೆ ನಿಯಮಗಳು ಅನ್ವಯ; ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದು ಇಲಾಖಾ ವಿಚಾರಣೆಗೆ ದಾರಿಯಾಗಬಹುದು.

ದೂರು ಕೊಡುವುದಿದ್ದರೆ, ನೋಟಿಸ್‌ ಬಂದರೆ

ನಿಂದನೆಗೆ ಒಳಗಾದವರು ಮೊದಲು ಮಾಡಬೇಕಾದ ಕೆಲಸ ಸ್ಕ್ರೀನ್‌ಶಾಟ್‌ ತೆಗೆಯುವುದು. ಆದರೆ ಅಷ್ಟೇ ಸಾಲದು, ಮೂಲ ಚಾಟ್‌ ಇರುವ ಫೋನ್‌ನಿಂದ ಅದನ್ನು ಅಳಿಸಬೇಡಿ. ಎಲೆಕ್ಟ್ರಾನಿಕ್‌ ದಾಖಲೆಯ ಪ್ರತಿಯನ್ನು ಕೋರ್ಟ್‌ಗೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ ಪ್ರಕಾರ ಪ್ರಮಾಣಪತ್ರ ಬೇಕು. ದಿನಾಂಕ, ಸಮಯ, ಕಳಿಸಿದವರ ನಂಬರ್‌ ಕಾಣುವಂತಿರಬೇಕು. ರಾಷ್ಟ್ರೀಯ ಸೈಬರ್‌ ಅಪರಾಧ ಪೋರ್ಟಲ್‌ನಲ್ಲಿ ಆನ್‌ಲೈನ್‌ ದೂರು ಸಾಧ್ಯ. ನೀವು ಹೈದರಾಬಾದ್‌ನಲ್ಲಿದ್ದು ನಿಂದಿಸಿದವರು ಕಲಬುರಗಿಯಲ್ಲಿದ್ದರೂ ಹತ್ತಿರದ ಠಾಣೆಯಲ್ಲಿ 'ಝೀರೋ ಎಫ್‌ಐಆರ್‌' ಕೊಡಬಹುದು, ಅದು ಸಂಬಂಧಿತ ಠಾಣೆಗೆ ವರ್ಗವಾಗುತ್ತದೆ. ಇದರ ಇನ್ನೊಂದು ಮುಖವೂ ಇದೆ: ನಿಮ್ಮ ಮೇಲಿನ ದೂರು ನೀವು ಕಾಲಿಡದ ಊರಿನ ಠಾಣೆಯಿಂದಲೂ ಬರಬಹುದು. ಪೋಸ್ಟ್‌ ತೆಗೆಸುವುದಷ್ಟೇ ಬೇಕಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಅಲ್ಲಿ ಆಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ಇನ್ನು ನಿಮಗೇ ನೋಟಿಸ್‌ ಬಂದರೆ? ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಪೊಲೀಸರು ತಕ್ಷಣ ಬಂಧಿಸುವ ಬದಲು ಹಾಜರಾಗುವಂತೆ ನೋಟಿಸ್‌ ಕೊಡಬೇಕು ಎಂಬುದು 2014ರ ಅರ್ನೇಶ್‌ ಕುಮಾರ್‌ ತೀರ್ಪಿನಿಂದ ನೆಲೆಗೊಂಡ ನಿಯಮ. ಈಗ ಅದು ಬಿಎನ್‌ಎಸ್‌ಎಸ್‌ 35(3). ಮೇಲೆ ಹೇಳಿದ ಸೆಕ್ಷನ್‌ಗಳೆಲ್ಲ ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತವೆ. ಬಂಧಿಸುವುದಾದರೆ ಕಾರಣ ಬರೆದಿಡಬೇಕು. ನೋಟಿಸ್‌ನಂತೆ ಹಾಜರಾದವರನ್ನು ವಿಶೇಷ ಕಾರಣವಿಲ್ಲದೆ ಬಂಧಿಸುವಂತಿಲ್ಲ.

ಮತ್ತು ಈ ನೋಟಿಸ್‌ ವಾಟ್ಸಾಪ್‌ನಲ್ಲಿ ಬರುವಂತಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ ಇದನ್ನು ಸ್ಪಷ್ಟವಾಗಿ ಹೇಳಿದೆ. 'ನಿಮ್ಮ ಮೆಸೇಜ್‌ ಮೇಲೆ ಕೇಸ್‌ ಆಗಿದೆ, ವಿಡಿಯೊ ಕಾಲ್‌ನಲ್ಲೇ ಇರಿ, ಇತ್ಯರ್ಥಕ್ಕೆ ಹಣ ಹಾಕಿ' ಎಂದು ವಾಟ್ಸಾಪ್‌ನಲ್ಲಿ ಸೀಲು ಹಾಕಿದ ಪತ್ರ ಬಂದರೆ ಅದು ಪೊಲೀಸರದ್ದಲ್ಲ, ಡಿಜಿಟಲ್‌ ಅರೆಸ್ಟ್‌ ವಂಚಕರದ್ದು. ಫೋನ್‌ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.